ಸಹಾಯ ಬೇಕು: ಸಿದ್ದಾಪುರದಿಂದ ತಾಳಗುಪ್ಪಕ್ಕೆ ಭಾನುವಾರ ಸಂಜೆ ಬಸ್ ಇದೆಯಾ?

ನಮಸ್ಕಾರ. ಮಕ್ಕಳ ಬೇಸಿಗೆ ರಜೆ ಮುಗೀತಾ ಬಂತು, ಮೇ ಕೊನೆಗೆ ಶಾಲೆ ಶುರು. ಅಷ್ಟರೊಳಗೆ ಸಿದ್ದಾಪುರದ ಹತ್ತಿರದ ಹಳ್ಳಿಯಲ್ಲಿರೋ ಅಮ್ಮನ ಚಿಕ್ಕಮ್ಮನ ಮನೆಗೆ ಹೋಗಿಬರಬೇಕು. ಮದುವೆ ಮುಂಜೀಲಿ ಸಿಕ್ಕಾಗಲೆಲ್ಲ "ನಮ್ಮನೆ ದಾರಿ ಮರೆತೇಬಿಟ್ರಿ" ಅನ್ನೋದು ಅವರ ಖಾಯಂ ದೂರು.

ಹೋಗೋದು ಸುಲಭ, ಬೆಂಗಳೂರಲ್ಲಿ ರಾತ್ರಿ ರೈಲು ಹತ್ತಿದ್ರೆ ಬೆಳಿಗ್ಗೆ ತಾಳಗುಪ್ಪ. ತಲೆನೋವು ವಾಪಸ್ ಬರೋದು. ಭಾನುವಾರ ರಾತ್ರಿ ತಾಳಗುಪ್ಪದಲ್ಲಿ ಬೆಂಗಳೂರು ಮೇಲೆ ಹೋಗೋ ಮೈಸೂರು ರೈಲು ಹಿಡೀಬೇಕು. ಸಿದ್ದಾಪುರದಿಂದ ಸಾಗರಕ್ಕೆ ಹೋಗೋ ಬಸ್ಸುಗಳು ತಾಳಗುಪ್ಪ ಮೇಲೇ ಹೋಗ್ತವೆ ಅಂತ ಗೊತ್ತು, ಆದ್ರೆ ಐದು ಗಂಟೆ ಮೇಲೆ ನಂಬಿಕೊಂಡು ಕೂರಬಹುದಾ? ಮುಂಗಾರುಪೂರ್ವ ಮಳೆ ಬೇರೆ, ಜೊತೆಗೆ ಮಂಡಿ ನೋವಿನ ಅಮ್ಮ. ಬಸ್ ಇಲ್ಲಾಂದ್ರೆ ಆಟೋದವರು ಅಂದಾಜು ಎಷ್ಟು ಕೇಳ್ತಾರೆ?

ಇನ್ನೊಂದು. ಅಜ್ಜಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಕಟ್ಟಿಕೊಡದೆ ಬಿಡೋರಲ್ಲ. ಭರಣಿಯಿಂದ ರಸ ಸೋರದ ಹಾಗೆ ಸ್ಲೀಪರ್ ಬೋಗಿಯಲ್ಲಿ ತರೋದು ಹೇಗೆ? ಹಪ್ಪಳ ಮುರಿದ್ರೂ ಪರವಾಗಿಲ್ಲ, ಕರಿಯೋಕೆ ಆಗುತ್ತೆ. ಅಜ್ಜಿಗೆ ಸಕ್ಕರೆ ಕಾಯಿಲೆ, ಸ್ವೀಟ್ ಬಾಕ್ಸ್ ಬಿಟ್ಟು ಏನು ಒಯ್ಯಬಹುದು ಅಂತಲೂ ಹೇಳಿ. ಆ ಕಡೆಯವರು ಯಾರಾದ್ರೂ ಇದ್ರೆ ದಯವಿಟ್ಟು ಶುಕ್ರವಾರದೊಳಗೆ ತಿಳಿಸಿ.