ಅಧ್ಯಕ್ಷರ ಅವಧಿ ಮಿತಿ: ಸಾಂವಿಧಾನಿಕ ನ್ಯಾಯಾಲಯಗಳ ತೀರ್ಪುಗಳು ಇಷ್ಟೊಂದು ಭಿನ್ನವಾಗುವುದೇಕೆ?

ಪ್ರಶ್ನೆ:
ಅಧ್ಯಕ್ಷರೊಬ್ಬರು ಎಷ್ಟು ಅವಧಿಗೆ ಅಧಿಕಾರದಲ್ಲಿರಬಹುದು ಎಂಬುದನ್ನು ಸಂವಿಧಾನವೇ ಸ್ಪಷ್ಟವಾಗಿ ಹೇಳಿರುವ ದೇಶಗಳಲ್ಲಿಯೂ ಆ ವಿಷಯ ನ್ಯಾಯಾಲಯದ ಮೆಟ್ಟಿಲೇರುತ್ತದೆ. 2010ರಲ್ಲಿ ಕೊಲಂಬಿಯಾದ ಸಾಂವಿಧಾನಿಕ ನ್ಯಾಯಾಲಯವು ಅಲ್ವಾರೊ ಉರಿಬೆ ಅವರ ಮೂರನೆಯ ಅವಧಿಯ ದಾರಿಯನ್ನು ಮುಚ್ಚಿತು. 2017ರಲ್ಲಿ ಬೊಲಿವಿಯಾದ ಸಾಂವಿಧಾನಿಕ ನ್ಯಾಯಮಂಡಳಿಯು ಇವೊ ಮೊರಾಲೆಸ್ ಅವರಿಗೆ ನಾಲ್ಕನೆಯ ಅವಧಿಗೆ ಸ್ಪರ್ಧಿಸಲು ಅನುಮತಿ ನೀಡಿತು. ಈ ವ್ಯತ್ಯಾಸಕ್ಕೆ ಕಾನೂನಿನ ಕಾರಣಗಳಿವೆಯೇ, ಅಥವಾ ನ್ಯಾಯಮೂರ್ತಿಗಳನ್ನು ಯಾರು ಆರಿಸಿದರು ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆಯೇ?

ಮೊದಲ ಉತ್ತರ:
ಎಲ್ಲವೂ ನೇಮಕಾತಿಯ ಮೇಲೆ ನಿಂತಿದೆ ಎಂದುಬಿಡುವುದು ಸುಲಭ, ಆದರೆ ಕೊಲಂಬಿಯಾದ ಪ್ರಕರಣ ಅದಕ್ಕೆ ಎಡೆಗೊಡುವುದಿಲ್ಲ. ಅದೇ ನ್ಯಾಯಾಲಯವು 2005ರಲ್ಲಿ ಒಂದು ಬಾರಿಯ ಮರುಆಯ್ಕೆಗೆ ಅವಕಾಶ ಕಲ್ಪಿಸಿದ ತಿದ್ದುಪಡಿಯನ್ನು ಎತ್ತಿಹಿಡಿದಿತ್ತು, ಅದರ ಬಲದಿಂದಲೇ ಉರಿಬೆ 2006ರಲ್ಲಿ ಮತ್ತೆ ಗೆದ್ದರು. ಮೂರನೆಯ ಅವಧಿಗಾಗಿ ಜನಮತಗಣನೆ ನಡೆಸುವ ಕಾಯ್ದೆ ಬಂದಾಗ, ಅದನ್ನು ಏಳು ನ್ಯಾಯಮೂರ್ತಿಗಳು ರದ್ದುಪಡಿಸಿದರು, ಇಬ್ಬರು ಮಾತ್ರ ಭಿನ್ನಮತ ತಾಳಿದರು. ಸಹಿ ಸಂಗ್ರಹ ಅಭಿಯಾನದ ಖರ್ಚು ಕಾನೂನಿನ ಮಿತಿಯನ್ನು ಮೀರಿತ್ತು, ಜನರು ಸಹಿ ಹಾಕಿದ್ದ ಪ್ರಶ್ನೆಯ ಒಕ್ಕಣೆಯನ್ನು ಸಂಸತ್ತು ನಂತರ ಬದಲಾಯಿಸಿತ್ತು. ಈ ದೋಷಗಳೇ ಸಾಕಾಗಿದ್ದವು. ಆದರೂ ತೀರ್ಪಿನ ತಿರುಳು ಬೇರೆಡೆ ಇದೆ. ಸಂವಿಧಾನವನ್ನು ತಿದ್ದುವ ಅಧಿಕಾರವುಳ್ಳವರಿಗೆ ಅದನ್ನು ಬೇರೊಂದು ಸಂವಿಧಾನವನ್ನಾಗಿ ಮಾರ್ಪಡಿಸುವ ಅಧಿಕಾರವಿಲ್ಲ ಎಂದು ನ್ಯಾಯಾಲಯ ಹೇಳಿತು. ಕೇಂದ್ರ ಬ್ಯಾಂಕಿನ ಆಡಳಿತ ಮಂಡಳಿಯಿಂದ ಹಿಡಿದು ನ್ಯಾಯಾಂಗದವರೆಗೆ ಹಲವು ಹುದ್ದೆಗಳ ನೇಮಕದಲ್ಲಿ ಅಧ್ಯಕ್ಷರಿಗೆ ಪಾತ್ರವಿರುವುದರಿಂದ, ಒಬ್ಬರೇ 12 ವರ್ಷ ಆ ಸ್ಥಾನದಲ್ಲಿದ್ದರೆ ಅವರ ಮೇಲೆ ನಿಗಾ ಇಡಬೇಕಾದವರಲ್ಲಿ ಹೆಚ್ಚಿನವರು ಅವರ ಪ್ರಭಾವದಿಂದಲೇ ಬಂದವರಾಗಿರುತ್ತಾರೆ. ನೀವು ಕೇಳಿದ ನೇಮಕಾತಿಯ ಪ್ರಶ್ನೆಯನ್ನೇ ನ್ಯಾಯಾಲಯ ಕಾನೂನಿನ ವಾದವನ್ನಾಗಿ ಬೆಳೆಸಿತು. ನನ್ನ ದೃಷ್ಟಿಯಲ್ಲಿ ಈ ವಿಷಯದಲ್ಲಿ ಬಂದಿರುವ ತೀರ್ಪುಗಳಲ್ಲಿ ಇಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ.

ಎರಡನೆಯ ಉತ್ತರ:
ಬೊಲಿವಿಯಾದ ಕಥೆಯನ್ನು 2017ರಿಂದ ಆರಂಭಿಸಬಾರದು. ಹಿಂದಿನ ಸಂವಿಧಾನದಡಿ ಕಳೆದ ಮೊದಲ ಅವಧಿಯನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ ಎಂದು ಅಲ್ಲಿನ ನ್ಯಾಯಮಂಡಳಿ 2013ರಲ್ಲಿಯೇ ಹೇಳಿತ್ತು. ಉಕ್ರೇನ್‌ನಲ್ಲಿ 2003ರಲ್ಲಿ ಲಿಯೊನಿಡ್ ಕುಚ್ಮಾ ಅವರ ಪರವಾಗಿಯೂ, ಸೆನೆಗಲ್‌ನಲ್ಲಿ 2012ರಲ್ಲಿ ಅಬ್ದುಲಾಯೆ ವಾಡ್ ಅವರ ಪರವಾಗಿಯೂ ಇದೇ ಲೆಕ್ಕಾಚಾರ ನಡೆದಿದೆ. (ಕುಚ್ಮಾ ಸ್ಪರ್ಧಿಸಲೇ ಇಲ್ಲ, ವಾಡ್ ಸ್ಪರ್ಧಿಸಿ ಸೋತರು, ನ್ಯಾಯಾಲಯದ ಅನುಮತಿ ಸಿಕ್ಕ ಮಾತ್ರಕ್ಕೆ ಕುರ್ಚಿ ಉಳಿಯುವುದಿಲ್ಲ.) ಬೊಲಿವಿಯಾದಲ್ಲಿ 2016ರ ಫೆಬ್ರವರಿಯ ಜನಮತಗಣನೆಯಲ್ಲಿ ಮತದಾರರು ಅಲ್ಪ ಅಂತರದಿಂದಲಾದರೂ ಮಿತಿಯ ಸಡಿಲಿಕೆಯನ್ನು ತಿರಸ್ಕರಿಸಿದ್ದರು. ಮರುವರ್ಷವೇ ನ್ಯಾಯಮಂಡಳಿ, ಅವಧಿ ಮಿತಿಯು ಅಮೆರಿಕ ಖಂಡದ ಮಾನವ ಹಕ್ಕುಗಳ ಒಡಂಬಡಿಕೆಯಲ್ಲಿರುವ ರಾಜಕೀಯ ಹಕ್ಕಿಗೆ ವಿರುದ್ಧವೆಂದು ಹೇಳಿ ಸಂವಿಧಾನದ ವಿಧಿಯನ್ನೇ ಬದಿಗೊತ್ತಿತು. ಆ ನ್ಯಾಯಮೂರ್ತಿಗಳನ್ನು ಜನರೇ ಮತ ಹಾಕಿ ಆರಿಸುತ್ತಾರೆ ಎಂಬುದು ನಿಜ, ಆದರೆ ಅಭ್ಯರ್ಥಿಗಳ ಪಟ್ಟಿಯನ್ನು ಸಿದ್ಧಪಡಿಸುವುದು ಶಾಸನ ಸಭೆ.

ಪ್ರಶ್ನೆ ಕೇಳಿದವರು:
ಆ ಒಡಂಬಡಿಕೆಯನ್ನು ವ್ಯಾಖ್ಯಾನಿಸುವ ಅಂತರ-ಅಮೆರಿಕ ಮಾನವ ಹಕ್ಕುಗಳ ನ್ಯಾಯಾಲಯ ಈ ವಾದವನ್ನು ಒಪ್ಪಿತೇ?

ಎರಡನೆಯ ಉತ್ತರ ಬರೆದವರು:
ಒಪ್ಪಲಿಲ್ಲ. ಅನಿರ್ದಿಷ್ಟ ಮರುಆಯ್ಕೆ ಸ್ವತಂತ್ರ ಮಾನವ ಹಕ್ಕಲ್ಲ ಎಂದು ಅದು 2021ರಲ್ಲಿ ಸಲಹಾ ಅಭಿಪ್ರಾಯ ನೀಡಿತು. ಅಷ್ಟರಲ್ಲಿ ಮೊರಾಲೆಸ್ ರಾಜೀನಾಮೆ ಕೊಟ್ಟು ಹೋಗಿದ್ದರು. 2023ರ ಡಿಸೆಂಬರಿನಲ್ಲಿ ಬೊಲಿವಿಯಾದ ನ್ಯಾಯಮಂಡಳಿಯೂ ತನ್ನ ಹಳೆಯ ನಿಲುವನ್ನು ಕೈಬಿಟ್ಟಿತು.

ಮೂರನೆಯ ಉತ್ತರ:
ಸರಿಯಾದ ತೀರ್ಪು ಕೊಟ್ಟ ನ್ಯಾಯಾಲಯಕ್ಕೆ ಮುಂದೆ ಏನಾಗುತ್ತದೆ ಎಂಬುದನ್ನೂ ಈ ಚರ್ಚೆಗೆ ಸೇರಿಸಬೇಕು. ನೈಜರ್‌ನ ಸಾಂವಿಧಾನಿಕ ನ್ಯಾಯಾಲಯ 2009ರಲ್ಲಿ ಅಧ್ಯಕ್ಷ ಮಾಮದು ತಾಂಜಾ ಅವರ ಜನಮತಗಣನೆಯ ಯೋಜನೆಯನ್ನು ಅಸಾಂವಿಧಾನಿಕವೆಂದಾಗ, ಅವರು ನ್ಯಾಯಾಲಯವನ್ನೇ ವಿಸರ್ಜಿಸಿ ಜನಮತಗಣನೆ ನಡೆಸಿದರು. 2010ರ ಫೆಬ್ರವರಿಯಲ್ಲಿ ಸೇನೆ ಅವರನ್ನು ಪದಚ್ಯುತಗೊಳಿಸಿತು. ಎಲ್ ಸಾಲ್ವಡೋರ್‌ನಲ್ಲಿ ಅಷ್ಟು ದೂರ ಹೋಗಬೇಕಾಗಲಿಲ್ಲ. 2021ರ ಮೇ 1ರಂದು ಹೊಸ ಶಾಸನ ಸಭೆ ಸಾಂವಿಧಾನಿಕ ಪೀಠದ ನ್ಯಾಯಮೂರ್ತಿಗಳನ್ನು ವಜಾಗೊಳಿಸಿ ಬೇರೆಯವರನ್ನು ಕೂರಿಸಿತು, ಸೆಪ್ಟೆಂಬರಿನಲ್ಲಿ ಆ ಪೀಠ ಅಧ್ಯಕ್ಷರು ಸತತ ಎರಡನೆಯ ಅವಧಿಗೆ ಸ್ಪರ್ಧಿಸಲು ದಾರಿ ತೆರೆಯಿತು. ಕೊಲಂಬಿಯಾದ ತೀರ್ಪನ್ನು ಹೊಗಳುವಾಗ, ಅದನ್ನು ಉರಿಬೆ ಅದೇ ದಿನ ಒಪ್ಪಿಕೊಂಡರು ಎಂಬುದನ್ನೂ ನೆನಪಿನಲ್ಲಿಡಬೇಕು.