ಅಂಗಡಿಯ ಹಳೇ ಕಂಪ್ಯೂಟರ್‌ಗೆ ವಿಂಡೋಸೇ ಇರಲಾ, ಲಿನಕ್ಸ್ ಹಾಕಲಾ?

ಕೇಳಿದವರು: ಜೆರಾಕ್ಸ್ ಅಂಗಡಿ, ತಿಪಟೂರು

ನಮ್ಮದು ಜೆರಾಕ್ಸ್, ಕನ್ನಡ ಟೈಪಿಂಗ್, ಆನ್‌ಲೈನ್ ಅರ್ಜಿ ಹಾಕುವ ಸಣ್ಣ ಅಂಗಡಿ. ಎರಡು ಕಂಪ್ಯೂಟರ್ ಇವೆ. ಎರಡೂ ಆರನೇ ಜನರೇಶನ್ ಐ3, 8 ಜಿಬಿ ರ‍್ಯಾಮ್, ಮೊದಲಿನಿಂದ ಇದ್ದ ಹಾರ್ಡ್‌ಡಿಸ್ಕ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿಯಿತು. 11 ಹಾಕಲು ಹೋದರೆ ಈ ಪ್ರೊಸೆಸರ್ ಆಗುವುದಿಲ್ಲ ಅನ್ನುತ್ತದೆ. ಬೆಳಿಗ್ಗೆ ಆನ್ ಮಾಡಿ, ಎದುರುಗಡೆ ಟೀ ಕುಡಿದು ಬಂದರೂ ಇನ್ನೂ ಗಿರಗಿರ ತಿರುಗುತ್ತಲೇ ಇರುತ್ತದೆ. ಅಕ್ಕನ ಮಗ "ಲಿನಕ್ಸ್ ಹಾಕು ಮಾವ, ಹ್ಯಾಂಗೇ ಆಗಲ್ಲ" ಅನ್ನುತ್ತಾನೆ. ಅಷ್ಟು ಗಟ್ಟಿ ಇದ್ದರೆ ನಮ್ಮ ಬೀದಿಯಲ್ಲಿ ಒಬ್ಬರೂ ಯಾಕೆ ಬಳಸುವುದಿಲ್ಲ? ಬಳಸಿ ನೋಡಿದವರು ಹೇಳಿ.

ರಿಪೇರಿ ಕೆಲಸ, ಎಸ್.ಪಿ. ರಸ್ತೆ, ಬೆಂಗಳೂರು

ಅಣ್ಣ, ಓಎಸ್ (ವಿಂಡೋಸ್, ಲಿನಕ್ಸ್‌ನಂಥ ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ) ವಿಷಯ ಆಮೇಲೆ. ಟಾಸ್ಕ್ ಮ್ಯಾನೇಜರ್ ತೆರೆದು ಡಿಸ್ಕ್ ಎಂಬ ಸಾಲು ನೋಡಿ. ನೀವು ಏನೂ ಮಾಡದೆ ಕೂತಿದ್ದಾಗಲೂ 100% ತೋರಿಸುತ್ತಿದ್ದರೆ ತಪ್ಪು ಹಾರ್ಡ್‌ಡಿಸ್ಕ್‌ದು. ಅದರ ಬದಲು ಒಂದು ಸಾಟಾ ಎಸ್ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿಸಿ, 240 ಜಿಬಿ ಸಾಕು. ಅದೇ ವಿಂಡೋಸ್, ಅದೇ ಐ3, ಟೀ ಕುಡಿಯಲು ಟೈಮೇ ಸಿಗುವುದಿಲ್ಲ.

ನನ್ನ ಹತ್ತಿರ ಒಬ್ಬರು ನೀಲಿ ಪರದೆ ಬರುತ್ತದೆ ಅಂತ ಮೂರು ಸಲ ತಂದರು. ಮೂರು ಸಲವೂ ಫಾರ್ಮ್ಯಾಟ್ ಮಾಡಿ ಕೊಟ್ಟೆ. ನಾಲ್ಕನೇ ಸಲ ನನಗೇ ನಾಚಿಕೆಯಾಯಿತು. ರ‍್ಯಾಮ್ ಕಿತ್ತು ನೋಡಿದರೆ ಹಳದಿ ಕಾಲುಗಳು ಕಪ್ಪು ತಿರುಗಿದ್ದವು. ಮಗಳ ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ ಕೂರಿಸಿದೆ. ಆಮೇಲೆ ಆ ಮನುಷ್ಯ ಬಂದಿದ್ದು ಮಗನ ಮದುವೆ ಕಾರ್ಡ್ ಕೊಡಲು. ಮೂರು ಸಲದ ಬೈಗುಳ ಮಾತ್ರ ಪಾಪ ವಿಂಡೋಸ್‌ಗೆ ಬಿತ್ತು. ಅಲ್ಲಿ ಲಿನಕ್ಸ್ ಹಾಕಿದ್ದರೂ ಅದೂ ಬೀಳುತ್ತಿತ್ತು.

ಯುಪಿಎಸ್ ಬ್ಯಾಟರಿ ಎಷ್ಟು ವರ್ಷದ್ದು, ಅದನ್ನೂ ನೋಡಿ. ಅಪ್‌ಡೇಟ್ ಅರ್ಧದಲ್ಲಿ ಕರೆಂಟ್ ಹೋದರೆ ಯಾವ ಓಎಸ್ ಆದರೂ ಕೈ ಎತ್ತಬಹುದು.

ಡಿಟಿಪಿ ಕೆಲಸ, ಗದಗ

ನಾನು 2023ರಲ್ಲಿ ಒಂದು ಮಷೀನ್‌ಗೆ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಹಾಕಿದೆ. ಇವತ್ತಿನವರೆಗೆ ತಾನಾಗಿ ಬಿದ್ದಿಲ್ಲ. ಆದರೆ ಬಿಳಿದು ಎಲ್ಲಾ ಹಾಲಲ್ಲ.

ಮೊದಲ ದಿನ ಹಳೇ ಲಗ್ನಪತ್ರಿಕೆ ತೆರೆದೆ. ವಧು ವರರ ಹೆಸರಿನ ಜಾಗದಲ್ಲಿ ತಲೆ ಮೇಲೆ ಚುಕ್ಕೆ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಮಾಡಿದ್ದು, ಯಾವ ಕಂಪ್ಯೂಟರಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಅಲ್ಲ. ಫಾಂಟ್ ಫೈಲ್ ಕಾಪಿ ಮಾಡಿ ಹಾಕಿದ ಮೇಲೆ ಕನ್ನಡ ಕಾಣಿಸಿತು. ಓದಬಹುದು, ಪ್ರಿಂಟ್ ತೆಗೆಯಬಹುದು. ತಿದ್ದಲು ಮಾತ್ರ ಬರಲಿಲ್ಲ, ಯಾಕೆಂದರೆ ಆ ಫಾಂಟ್‌ಗೆ ಟೈಪ್ ಮಾಡುವ ನುಡಿ ತಂತ್ರಾಂಶ ವಿಂಡೋಸ್‌ದು. ಯೂನಿಕೋಡ್‌ಗೆ ಬದಲಿಸುವ ಸಾಧನಗಳಿವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಕಣ್ಣಿಟ್ಟು ನೋಡಬೇಕು.

ಖುಷಿಯ ವಿಷಯವೂ ಇದೆ. ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲೇ ಕನ್ನಡ ಕಗಪ ಅಂತ ಒಂದಿದೆ. ನುಡಿಯಲ್ಲಿ ಕೈ ಕುದುರಿದವರಿಗೆ ಅದೇ ಕೀಲಿಗಳು, ಎಫ್ ಒತ್ತಿದರೆ ಅರ್ಧಾಕ್ಷರ. ಬೇರೇನೂ ಇನ್‌ಸ್ಟಾಲ್ ಮಾಡುವುದು ಬೇಡ. ಬರೀ ಯೂನಿಕೋಡ್ ಕೆಲಸವಾದರೆ ನಾನು ಆ ಮಷೀನಿಗೇ ಕೂರುತ್ತೇನೆ.

ಪ್ರಿಂಟರ್ ಕಥೆ ಬೇರೆ. ನನ್ನ ಹಳೇ ಲೇಸರ್ ಪ್ರಿಂಟರ್ ಒಪ್ಪಿಸಲು ರಾತ್ರಿ ಹನ್ನೊಂದಾಯಿತು, ಕೊನೆಗೂ ಒಪ್ಪಲಿಲ್ಲ. ಈಗ ಪಿಡಿಎಫ್ ಮಾಡಿ ಪಕ್ಕದ ವಿಂಡೋಸ್ ಮಷೀನಿಗೆ ಕಳಿಸುತ್ತೇನೆ.

ಶಾಲಾ ಶಿಕ್ಷಕಿ, ಕಾಸರಗೋಡು

ಯಾಕೆ ಯಾರೂ ಬಳಸುವುದಿಲ್ಲ ಎಂದು ಕೇಳಿದಿರಲ್ಲ, ನಮ್ಮಲ್ಲಿ ಎಲ್ಲರೂ ಬಳಸುತ್ತಾರೆ! ಕೇರಳದ ಸರ್ಕಾರಿ ಶಾಲೆಗಳ ಲ್ಯಾಬ್‌ನಲ್ಲಿ ಉಬುಂಟು ಆಧರಿಸಿದ ಲಿನಕ್ಸ್. ಕನ್ನಡ ಮಾಧ್ಯಮದ ನಮ್ಮ ಮಕ್ಕಳದ್ದೂ ಅದೇ. ಹತ್ತನೇ ತರಗತಿಯ ಐಟಿ ಪ್ರಾಯೋಗಿಕ ಪರೀಕ್ಷೆಯನ್ನೂ ಅದರಲ್ಲೇ ಬರೆಯುತ್ತಾರೆ. ಮಕ್ಕಳಿಗೆ ಕಷ್ಟ ಅನ್ನಿಸಿದ್ದು ನಾನು ನೋಡಿಲ್ಲ. ಕಷ್ಟವಾಗಿದ್ದು ನಮಗೆ, ಶಿಕ್ಷಕರಿಗೆ.

ಅದೇ ಮಕ್ಕಳು ಶಾಲೆ ಬಿಟ್ಟು ಲ್ಯಾಪ್‌ಟಾಪ್ ಕೊಂಡರೆ ಅದರಲ್ಲಿ ವಿಂಡೋಸ್ ಇರುತ್ತದೆ. ಅಂಗಡಿಯಿಂದ ಬಂದದ್ದನ್ನು ಯಾರು ಬದಲಿಸುತ್ತಾರೆ? ನನ್ನ ಮಗನೂ ಬದಲಿಸಲಿಲ್ಲ.

ಸರ್ವರ್ ನೋಡಿಕೊಳ್ಳುವವ, ಹುಬ್ಬಳ್ಳಿ

ಸರ್, ಗಟ್ಟಿ ಅನ್ನುವುದಕ್ಕೆ ಎರಡು ಅರ್ಥ ಇದೆ. ಒಂದು, ಕೆಲಸದ ನಡುವೆ ಬೀಳದೆ ಇರುವುದು. ಇನ್ನೊಂದು, ನಿನ್ನೆ ಇದ್ದ ಹಾಗೇ ಇವತ್ತೂ ಇರುವುದು. ಡೆಬಿಯನ್ ಎಂಬ ಲಿನಕ್ಸ್ ಮಾಡುವವರು ಸ್ಟೇಬಲ್ (ಗಟ್ಟಿ) ಅನ್ನುವಾಗ ಎರಡನೆಯದನ್ನೇ ಜಾಸ್ತಿ ಹೇಳುತ್ತಾರೆ. ಹೆಚ್ಚುಕಡಿಮೆ ಎರಡು ವರ್ಷಕ್ಕೊಂದು ಆವೃತ್ತಿ ಬರುತ್ತದೆ. ನಡುವೆ ಭದ್ರತೆಯ ತೇಪೆ, ಸಣ್ಣಪುಟ್ಟ ದುರಸ್ತಿ ಬಿಟ್ಟರೆ ಅದೇ ಮೆನು, ಅದೇ ಬಟನ್. ಹೊಸ ಫೀಚರ್ ಬೇಕು ಅನ್ನುವವರಿಗೆ ಬೇಜಾರು, ನಿಮ್ಮಂಥ ಅಂಗಡಿಗೆ ಅದೇ ವರ.

ಬೀಳುವ ವಿಷಯದಲ್ಲಿ ಈಗಿನ ವಿಂಡೋಸ್ ಅನ್ನು ಸುಮ್ನೆ ಬೈಯುವುದು ತಪ್ಪು. 2024ರ ಜುಲೈ 19 ನೆನಪಿದೆಯಲ್ವಾ? ಸುಮಾರು 85 ಲಕ್ಷ ವಿಂಡೋಸ್ ಯಂತ್ರ ಒಂದೇ ದಿನ ನೀಲಿಯಾದವು, ನಮ್ಮ ದೇಶದ ಏರ್‌ಪೋರ್ಟ್‌ಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಎಡವಟ್ಟಾಗಿದ್ದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಅಪ್‌ಡೇಟ್‌ನಲ್ಲಿ. ಓಎಸ್‌ನ ಹೊಟ್ಟೆಯೊಳಗೆ ಕೂರುವ ತಂತ್ರಾಂಶ ಎಡವಿದರೆ ಓಎಸ್ಸೂ ಜೊತೆಗೇ ಬೀಳುತ್ತದೆ. ಹಾಗಾಗಿ ಕಂಡಕಂಡ ಕ್ಲೀನರ್, ಎರಡೆರಡು ಆಂಟಿವೈರಸ್ ಇದ್ದರೆ ಮೊದಲು ತೆಗೆಯಿರಿ.

ಲೋಕದ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಎಲ್ಲವೂ ಲಿನಕ್ಸೇ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನ್ ಒಳಗೂ ಅದರದೇ ಕರ್ನಲ್ (ಓಎಸ್‌ನ ತಿರುಳು). ಆದರೂ ನಿಮ್ಮ ಬೀದಿಗೆ ಬಂದಿಲ್ಲ, ಯಾಕೆಂದರೆ ಕೆಟ್ಟರೆ ನೋಡುವವರು ಬೀದಿಯಲ್ಲಿ ಇಲ್ಲ. ಅಕ್ಕನ ಮಗ ಊರಲ್ಲೇ ಇರುತ್ತಾನಾ, ಓದಲು ಹೊರಗೆ ಹೋಗುತ್ತಾನಾ? ಮೊದಲು ಅದನ್ನು ಕೇಳಿ.

ಲೆಕ್ಕಪತ್ರ, ದಾವಣಗೆರೆ

ಲೆಕ್ಕ ಇಡುವ ಟ್ಯಾಲಿ ತಂತ್ರಾಂಶ ಇದ್ದರೆ ಲಿನಕ್ಸ್ ಮಾತು ಬೇಡ. ಅದು ವಿಂಡೋಸ್‌ಗೇ ಮಾಡಿದ್ದು. ಅಡ್ಡದಾರಿಗಳಿವೆ, ಆದರೆ ಜಿಎಸ್‌ಟಿ ಕೊನೇ ದಿನ ಅಡ್ಡದಾರಿ ಹಿಡಿಯುವ ಧೈರ್ಯ ನನಗಿಲ್ಲ. ಬೆರಳಚ್ಚು ಯಂತ್ರ, ಡಿಜಿಟಲ್ ಸಹಿ ಡಾಂಗಲ್ ಇದ್ದರೆ ಅವುಗಳ ಡ್ರೈವರ್ (ಯಂತ್ರವನ್ನು ಓಎಸ್ ಜೊತೆ ಬೆಸೆಯುವ ತಂತ್ರಾಂಶ) ಲಿನಕ್ಸ್‌ಗೆ ಇದೆಯಾ ಮೊದಲೇ ನೋಡಿ.

ವಿಡಿಯೋ ಎಡಿಟಿಂಗ್, ಮೈಸೂರು

ಮ್ಯಾಕ್ ಬಗ್ಗೆ ಯಾರೂ ಹೇಳಲಿಲ್ಲ. ನನ್ನದು ಆಪಲ್‌ನದೇ ಎಂ1 ಚಿಪ್ ಇರುವುದು, ತಿಂಗಳುಗಟ್ಟಲೆ ಆಫ್ ಮಾಡುವುದಿಲ್ಲ. ಆದರೆ ಜೆರಾಕ್ಸ್ ಅಂಗಡಿಗೆ ಆ ದುಡ್ಡು ಹಾಕಬೇಡಿ. ಅಗ್ಗಕ್ಕೆ ಸಿಗುತ್ತದೆ ಅಂತ ಹಳೇ ಇಂಟೆಲ್ ಮ್ಯಾಕ್ ಅಂತೂ ಬೇಡವೇ ಬೇಡ. ಮ್ಯಾಕ್ ಓಎಸ್‌ನ 2025ರ ಟಾಹೋ ಆವೃತ್ತಿಯೇ ಇಂಟೆಲ್‌ಗೆ ಕೊನೆಯದು ಎಂದು ಆಪಲ್‌ನವರೇ ಹೇಳಿದ್ದಾರೆ.

ಕೇಳಿದವರು: ಜೆರಾಕ್ಸ್ ಅಂಗಡಿ, ತಿಪಟೂರು

ಎಲ್ಲರಿಗೂ ಥ್ಯಾಂಕ್ಸ್. ಡಿಸ್ಕ್ 100 ಇತ್ತು, ಎರಡಕ್ಕೂ ಎಸ್ಎಸ್‌ಡಿ ಹಾಕಿಸಿದೆ. ಒಂದರಲ್ಲಿ ವಿಂಡೋಸ್ 10 ಉಳಿಸಿಕೊಂಡು, ಸಪೋರ್ಟ್ ಮುಗಿದ ಮೇಲೂ ಮೈಕ್ರೋಸಾಫ್ಟ್ ಕೊಡುವ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿದ್ದೇನೆ. ನುಡಿಯ ಹಳೇ ಫೈಲ್, ಬೆರಳಚ್ಚು ಯಂತ್ರ ಎಲ್ಲ ಅದಕ್ಕೆ.

ಇನ್ನೊಂದಕ್ಕೆ ಮಿಂಟ್ 22. ಇನ್‌ಸ್ಟಾಲ್ ಮಾಡುವ ಮೊದಲು ಪೆನ್‌ಡ್ರೈವ್‌ನಿಂದಲೇ ಎರಡು ದಿನ ಓಡಿಸಿ ನೋಡಿದೆ. ಪ್ರಿಂಟರ್ ಕೇಳದೆಯೇ ಸಿಕ್ಕಿತು, ಸ್ಕ್ಯಾನರ್ ಸಿಗಲಿಲ್ಲ. ಅಕ್ಕನ ಮಗ ಜೂನ್‌ನಲ್ಲಿ ಮಂಗಳೂರಿಗೆ ಓದಲು ಹೋಗುತ್ತಾನಂತೆ. ಅಷ್ಟರೊಳಗೆ ಸ್ಕ್ಯಾನರ್ ಸರಿ ಮಾಡಿಕೊಟ್ಟೇ ಬಸ್ ಹತ್ತು ಅಂದಿದ್ದೇನೆ.