‘ವಿಸಿಟೋರಿಯಲ್ ಪವರ್’ ಅಂದ್ರೆ ಏನು ಸರ್?

ಪ್ರಶ್ನೆ (ಸಿಂಧನೂರು): ವಕೀಲ ಸರ್, ನಮಸ್ಕಾರ. ಮಗ ರಾಯಚೂರಿನ ಐಐಐಟಿಯಲ್ಲಿ (ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ) ಓದುತ್ತಿದ್ದಾನೆ. ಫೀಸಿನ ವಿಷಯಕ್ಕೆ ಹಳೇ ತೀರ್ಪು ಓದುವಾಗ ‘ವಿಸಿಟೋರಿಯಲ್ ಪವರ್’ ಅಂತ ಸಿಕ್ಕಿತು. ಇನ್ನೊಂದು ಕಡೆ ‘ವಿಸಿಟಟೋರಿಯಲ್’ ಅಂತಿದೆ. ಹಾಸ್ಟೆಲ್‌ನಲ್ಲಿ ಮಕ್ಕಳನ್ನು ಭೇಟಿ ಮಾಡುವ ಹಕ್ಕಾ ಇದು?

ಉತ್ತರ (ವಕೀಲರು, ರಾಯಚೂರು): ಅಲ್ಲ ಸರ್. ಎರಡೂ ಒಂದೇ ಪದ, ಬರೆಯುವ ರೀತಿ ಬೇರೆ ಅಷ್ಟೇ. ವಿಚ್ಛೇದನದ ಕೇಸಿನಲ್ಲಿ ಮಗುವನ್ನು ನೋಡಲು ಕೋರ್ಟ್ ಕೊಡುವ ‘ವಿಸಿಟೇಶನ್ ರೈಟ್ಸ್’ ಜೊತೆಗೂ ಇದನ್ನು ಬೆರೆಸಬೇಡಿ. ಇದು ಸಂಸ್ಥೆಯೊಳಗೆ ಬಂದು ಪರಿಶೀಲಿಸುವ, ವಿಚಾರಣೆ ನಡೆಸುವ, ತಪ್ಪಿದ್ದರೆ ತಿದ್ದಿಸುವ ಅಧಿಕಾರ.

ಮೂಲ ಲ್ಯಾಟಿನ್. ‘ವಿಡೇರೆ’ ಅಂದ್ರೆ ನೋಡು. ಅದರಿಂದ ‘ವಿಸಿಟಾರೆ’, ಹೋಗಿ ನೋಡಿ ಬಾ. ನಮ್ಮ ‘ವಿದ್ಯೆ’ಯೊಳಗಿನ ‘ವಿದ್’ ಧಾತುವೂ ಇದೇ ಬಳಗದ್ದು, ಗೊತ್ತಿತ್ತಾ? ಯುರೋಪಿನಲ್ಲಿ ಬಿಷಪ್ಪರು ಕ್ರೈಸ್ತ ಮಠಗಳಿಗೆ ಹೋಗಿ ನಡವಳಿಕೆ, ಲೆಕ್ಕಪತ್ರ ನೋಡುತ್ತಿದ್ದರು. ಮುಂದೆ ಇಂಗ್ಲೆಂಡಿನಲ್ಲಿ ಕಾಲೇಜಿಗೆ ಆಸ್ತಿ ಬಿಟ್ಟವರು ಇಲ್ಲವೇ ಅವರು ಹೇಳಿದವರು ‘ವಿಸಿಟರ್’ ಆದರು. ಶಾಲೆಗೆ ಹೊಲ ಬರೆದುಕೊಟ್ಟ ಗೌಡರು ‘ಹೆಂಗ ನಡದೈತಿ’ ಅಂತ ನೋಡಲು ಬಂದಂತೆ! ಆಕ್ಸ್‌ಫರ್ಡಿನ ಎಕ್ಸೆಟರ್ ಕಾಲೇಜಿನ ಮುಖ್ಯಸ್ಥರಾಗಿದ್ದ ‘ಬರಿ’ ಎಂಬವರನ್ನು ಅದರ ವಿಸಿಟರ್ ಆದ ಬಿಷಪ್ ತೆಗೆದುಹಾಕಿದ್ದರು. ಆ ತೀರ್ಮಾನದಲ್ಲಿ ಕೋರ್ಟು ಕೈಹಾಕಬಾರದು ಎಂದು 1694ರಲ್ಲಿ ಹೌಸ್ ಆಫ್ ಲಾರ್ಡ್ಸ್ (ಆಗ ಅಲ್ಲಿನ ಅತ್ಯುನ್ನತ ಕೋರ್ಟು) ಹೇಳಿತು. ‘ಫಿಲಿಪ್ಸ್ ಮತ್ತು ಬರಿ’ ಕೇಸು ಅದು. ಹಳೇ ತೀರ್ಪುಗಳಲ್ಲಿ ಈ ಹೆಸರು ಮತ್ತೆ ಮತ್ತೆ ಬರುತ್ತದೆ.

ನಮ್ಮಲ್ಲಿ ಐಐಐಟಿಗೆ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ರಾಷ್ಟ್ರಪತಿಯೇ ವಿಸಿಟರ್. ಕಡಗಂಚಿಗೆ ಅನ್ವಯಿಸುವ 2009ರ ಕೇಂದ್ರೀಯ ವಿಶ್ವವಿದ್ಯಾಲಯಗಳ ಕಾಯ್ದೆ ನೋಡಿ: ಕಟ್ಟಡ, ಲೈಬ್ರರಿ, ಲ್ಯಾಬ್, ಪರೀಕ್ಷೆ, ಎಲ್ಲವನ್ನೂ ವಿಸಿಟರ್ ತಪಾಸಣೆ ಮಾಡಿಸಬಹುದು. ಕಾಯ್ದೆಗೆ ವಿರುದ್ಧವಾದ ತೀರ್ಮಾನವನ್ನು ರದ್ದೂ ಮಾಡಬಹುದು. ಆದರೆ ಮೊದಲು ಕಾರಣ ಕೇಳಬೇಕು.

ಪ್ರಶ್ನೆ (ಬಳ್ಳಾರಿ): ಸರ್, ನಮ್ಮ ಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೂ ರಾಷ್ಟ್ರಪತಿನಾ? ಮತ್ತೆ ಜೈಲಿಗೂ ‘ವಿಸಿಟರ್’ ಇರ್ತಾರಂತೆ, ನಿಜನಾ?

ಉತ್ತರ: ಅದು ರಾಜ್ಯದ್ದು ತಮ್ಮಾ. ಅಲ್ಲಿ ರಾಜ್ಯಪಾಲರು ಕುಲಾಧಿಪತಿ. ಜೈಲಿನ ಮಾತು ನಿಜ. ಕೈದಿಯ ಮನೆಯವರಲ್ಲ, ಜಿಲ್ಲಾ ನ್ಯಾಯಾಧೀಶರಂಥವರು ಅಲ್ಲಿ ಅಧಿಕೃತ ಸಂದರ್ಶಕರು. ಕೈದಿಗಳ ದೂರು ಕೇಳಿ, ಕಂಡದ್ದನ್ನು ಸಂದರ್ಶಕರ ಪುಸ್ತಕದಲ್ಲಿ ಬರೆಯುತ್ತಾರೆ.

ಪ್ರಶ್ನೆ (ಸಿಂಧನೂರು): ಹಾಗಾದ್ರೆ ಫೀಸಿನ ಬಗ್ಗೆ ರಾಷ್ಟ್ರಪತಿಗೇ ಬರೆದುಬಿಡಲಾ ಸರ್?

ಉತ್ತರ: ಬರೆಯಬಹುದು, ಯಾರೂ ಬೇಡ ಅನ್ನಲ್ಲ. ಆದರೆ ಅಂಥ ಅರ್ಜಿ ಸಾಮಾನ್ಯವಾಗಿ ಶಿಕ್ಷಣ ಸಚಿವಾಲಯಕ್ಕೆ ಹೋಗಿ ಕೊನೆಗೆ ಸಂಸ್ಥೆಯ ಟೇಬಲ್ಲಿಗೇ ಬರುತ್ತದೆ. ಸುಮ್ನೆ ತಿಂಗಳುಗಟ್ಟಲೆ ಕಾಯಬೇಕು. ಮೊದಲು ಸಂಸ್ಥೆಗೇ ಲಿಖಿತ ದೂರು ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ಉತ್ತರ ಬರದಿದ್ದರೆ ವಿಸಿಟರ್‌ಗೆ ಬರೆಯುವಾಗ ಅದರ ಪ್ರತಿ ಲಗತ್ತಿಸಿ. ಅದಕ್ಕೂ ಬಗ್ಗದಿದ್ದರೆ ಹೈಕೋರ್ಟಿನಲ್ಲಿ ರಿಟ್ (ಸಂಸ್ಥೆಗೆ ಆದೇಶ ಕೊಡಿ ಎಂದು ಕೇಳುವ ಅರ್ಜಿ) ಹಾಕಬಹುದು. ರಾಯಚೂರಿನವರಿಗೆ ಕಲಬುರಗಿ ಪೀಠ. ಬಳ್ಳಾರಿ, ಕೊಪ್ಪಳದವರಾಗಿದ್ದರೆ ಧಾರವಾಡ.